ತಡೆಯಾಜ್ಞೆ ಕೊಡಿ, ಬಾಡಿಗೆಯ ಲೆಕ್ಕವನ್ನೂ ಕೇಳಿ

ಮಾನ್ಯ ಸಂಪಾದಕರೇ,

ಅಪ್ಪನ ಬಾಡಿಗೆ ಪುಸ್ತಕ ನನ್ನ ಹತ್ತಿರ ಇದೆ. ಕೆಂಪು ರಟ್ಟಿನ ಉದ್ದನೆ ಪುಸ್ತಕ. ಮನೆಯ ಹಿಂಭಾಗದ ಎರಡು ವಠಾರದ ಮನೆಗಳಿಂದ ಯಾವ ತಿಂಗಳು ಎಷ್ಟು ಬಂತು ಅಂತ ಅಪ್ಪ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದಾರೆ. 2003ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಅಮ್ಮ ಬರೆದರು. ಅಮ್ಮನೂ ಹೋದ ಮೇಲೆ ಪುಟಗಳು ಖಾಲಿ. ಬಾಡಿಗೆ ಮಾತ್ರ ಬರುತ್ತಲೇ ಇದೆ, ಅಣ್ಣನ ಕೈಗೆ.

ಪಾಲು ಕೇಳಿ ದಾವೆ ಹಾಕಿದೆ. ಪಿತ್ರಾರ್ಜಿತ ಮನೆ ಅದು. ಅಪ್ಪ ಬಾಯಿಮಾತಿನಲ್ಲೇ ಎಲ್ಲವನ್ನೂ ತನಗೆ ಕೊಟ್ಟಿದ್ದರು ಎಂದು ಅಣ್ಣ ಹೇಳಿದ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಗೆ ಮೊದಲೇ ಅಪ್ಪ ಹೋಗಿದ್ದರಿಂದ ನನಗೆ ಹಕ್ಕಿಲ್ಲ ಎಂದೂ ವಾದಿಸಿದ. ದಾವೆ ನಡೆಯುತ್ತಿದ್ದಾಗಲೇ, 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದ ತೀರ್ಪು ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್. ಇಂಥ ಪ್ರಕರಣಗಳನ್ನು ಆದಷ್ಟು ಮಟ್ಟಿಗೆ ಆರು ತಿಂಗಳಲ್ಲಿ ಮುಗಿಸಿ ಎಂದೂ ಕೇಳಿಕೊಂಡಿತ್ತು. ಮರುವರ್ಷ ನನಗೆ ಅರ್ಧ ಪಾಲಿನ ಪ್ರಾಥಮಿಕ ಡಿಕ್ರಿ ಆಯಿತು, ಅಂದರೆ ಪಾಲು ಎಷ್ಟು ಎಂದು ತೀರ್ಮಾನವಾಯಿತು. ಮನೆ ಹಂಚಿಕೊಡುವ ಅಂತಿಮ ಡಿಕ್ರಿ ಇನ್ನೂ ಬಾಕಿ. ಅಣ್ಣ ಮೇಲ್ಮನವಿ ಹಾಕಿ ಸ್ಟೇ, ಅಂದರೆ ತಡೆಯಾಜ್ಞೆ, ತಂದ.

ಸ್ಟೇ ಕೊಟ್ಟಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮನೆಯ ನಡುವೆ ಗೋಡೆ ಎದ್ದ ಮೇಲೆ ತೀರ್ಪು ತಿರುಗಿಬಿದ್ದರೆ ಅಣ್ಣನಿಗೂ ಕಷ್ಟ ಅಲ್ವಾ? ಸಿವಿಲ್ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಲ್ಲಿ, ತೀರ್ಪು ತಿರುಗಿಬಿದ್ದರೆ ಕೈತಪ್ಪಿದ್ದನ್ನು ವಾಪಸ್ ಕೊಡಿಸುವ ದಾರಿ ಇದೆ. ಆದರೆ ಒಡೆದ ಮನೆ ಮೊದಲಿನಂತೆ ಆಗುವುದಿಲ್ಲ.

ನನ್ನ ಸಂಕಟ ಬೇರೆ. ಆ ಆದೇಶದಲ್ಲಿ ಇರುವುದು ಎರಡೇ ಸಾಲು. ಡಿಕ್ರಿಯ ಜಾರಿ ನಿಲ್ಲಲಿ ಎಂದಿದೆ, ಅಷ್ಟೆ. ಬಾಡಿಗೆ ಯಾರದು, ಮನೆ ನೋಡಿಕೊಳ್ಳುವವರು ಯಾರು, ಒಂದು ಮಾತೂ ಇಲ್ಲ. ಕಳೆದ ಮಳೆಗಾಲದಲ್ಲಿ ಹಿಂದಿನ ಮನೆಯ ತೊಲೆ ಬಾಗಿತು. ಬಾಡಿಗೆದಾರರು ಬಿದಿರಿನ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಕೆಳಗೆ ಮಗುವಿನ ತೊಟ್ಟಿಲು. ರಿಪೇರಿ ಮಾಡಿಸು ಎಂದರೆ, ಕೇಸ್ ಮುಗಿಯೋವರೆಗೂ ಮುಟ್ಟೋ ಹಾಗಿಲ್ಲ ಅಂತಾನೆ ಅಣ್ಣ. ಆ ಮನೆಯ ಬಾಡಿಗೆಯನ್ನು ಅವನು ಒಂದು ತಿಂಗಳೂ ಬಿಟ್ಟಿಲ್ಲ.

ಕಾನೂನು ಹೀಗೆ ಸುಮ್ನೆ ಸ್ಟೇ ಕೊಡಿ ಅನ್ನುವುದಿಲ್ಲ. ಅದೇ ಸಂಹಿತೆಯ ಆರ್ಡರ್ 41, ರೂಲ್ 5 ಓದಿಸಿಕೊಂಡೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ಸ್ಟೇ ಸಿಗದಿದ್ದರೆ ದೊಡ್ಡ ನಷ್ಟ ಆಗುತ್ತದೆ ಎಂದು ತೋರಿಸಬೇಕು, ತಡ ಮಾಡದೆ ಅರ್ಜಿ ಹಾಕಿರಬೇಕು, ಕೊನೆಗೆ ಡಿಕ್ರಿ ಪಾಲಿಸುತ್ತೇನೆ ಎನ್ನುವುದಕ್ಕೆ ಭದ್ರತೆ ಕೊಡಬೇಕು. ಈ ಮೂರನೆಯದನ್ನು ನನ್ನ ಕೇಸಿನಲ್ಲಿ ಯಾರೂ ಕೇಳಲಿಲ್ಲ. “ಅದೆಲ್ಲ ದುಡ್ಡಿನ ಡಿಕ್ರಿಗೆ ಅಮ್ಮಾ, ಪಾಲಿನ ಕೇಸಲ್ಲಿ ಅಷ್ಟು ನೋಡಲ್ಲ” ಎಂದರು ನಮ್ಮ ವಕೀಲರು. ಈ ಭದ್ರತೆಯ ಷರತ್ತಿನಲ್ಲಿ ಆ ಭೇದ ಇಲ್ಲವಲ್ಲ! ಪಾಲಿನ ಕೇಸಿನಲ್ಲೇ ಅದು ಜಾಸ್ತಿ ಬೇಕು. ವರ್ಷಗಟ್ಟಲೆ ಆಸ್ತಿ ಒಬ್ಬರ ಕೈಯಲ್ಲೇ ಇರುತ್ತದೆ.

ಬಾಡಿಗೆಯ ಅರ್ಧ ಕೋರ್ಟಿನಲ್ಲಿ ಠೇವಣಿ ಇರಲಿ. ಗೆದ್ದವರು ತೆಗೆದುಕೊಳ್ಳಲಿ. ಮಾರುವುದು, ಅಡ ಇಡುವುದು ಬೇಡ ಎಂದು ಆದೇಶದಲ್ಲೇ ಬರೆಯಲಿ. ದಾವೆ ಇರುವಾಗ ಕೊಂಡವರು ತೀರ್ಪಿಗೆ ಬದ್ಧರು ಎಂಬ ಕಾನೂನು ಇದೆ, ನಿಜ. ಆದರೆ ಕೊಂಡವರ ಹಿಂದೆ ಓಡಾಡಲು ನನಗೀಗ 67 ವರ್ಷ. ಇನ್ನೊಂದು, ಅಂತಿಮ ಡಿಕ್ರಿಯನ್ನಷ್ಟೇ ತಡೆದು, ಪಾಲು ಗುರುತಿಸಲು ಕೋರ್ಟ್ ನೇಮಿಸುವ ಕಮಿಷನರ್ ಅಳತೆ ನಡೆಯಲು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಮೇಲ್ಮನವಿ ಮುಗಿದ ದಿನ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ.

ಸ್ಟೇ ಆದೇಶಕ್ಕೆ ಷರತ್ತು ಸೇರಿಸಿ ಎಂದು ಕಳೆದ ವಾರ ಅರ್ಜಿ ಹಾಕಿದ್ದೇನೆ. ಬಾಡಿಗೆ ಪುಸ್ತಕದ ಕೊನೆಯ ನಾಲ್ಕು ಪುಟಗಳ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಮೂರು ಪುಟ ಅಪ್ಪನ ಅಕ್ಷರ, ಒಂದು ಅಮ್ಮನದು.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ