ಚಿತ್ರೋತ್ಸವದ ಸಿನಿಮಾ ಕೋಲಾರಕ್ಕೂ ಬರಲಿ

ಮಾನ್ಯ ಸಂಪಾದಕರೇ,

ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಈಚೆಗೆ ನೋಡಿದ ಮೂರು ಸಿನಿಮಾ ಮನಸ್ಸಿನಿಂದ ಹೋಗುತ್ತಿಲ್ಲ.

ಮೊದಲನೆಯದು ಪಿ.ಎಸ್. ವಿನೋತ್‌ರಾಜ್ ಅವರ ತಮಿಳಿನ ‘ಕೂಳಾಂಗಲ್’. 2021ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಟೈಗರ್ ಪ್ರಶಸ್ತಿ ಗೆದ್ದ ಚಿತ್ರ. ಕುಡುಕ ಅಪ್ಪ ಶಾಲೆಯಲ್ಲಿದ್ದ ಮಗನನ್ನು ಎಬ್ಬಿಸಿಕೊಂಡು, ತವರಿಗೆ ಹೋದ ಹೆಂಡತಿಯನ್ನು ಕರೆತರಲು ಹೊರಡುತ್ತಾನೆ. ಹುಡುಗ ಬಸ್ಸಿನ ದುಡ್ಡು ಹರಿದುಹಾಕುತ್ತಾನೆ. ಸುಡುಬಿಸಿಲಲ್ಲಿ ಇಬ್ಬರೂ ನಡೆದೇ ವಾಪಸ್ ಬರಬೇಕು. ಬಾಯಿ ಒಣಗದಿರಲಿ ಅಂತ ಹುಡುಗ ಒಂದು ಬೆಣಚುಕಲ್ಲು ಬಾಯಲ್ಲಿಟ್ಟುಕೊಳ್ಳುತ್ತಾನೆ. ಮನೆಯಲ್ಲಿ ಅದನ್ನು ತೆಗೆದಿಡುವ ಜಾಗದಲ್ಲಿ ಅಂಥವೇ ಕಲ್ಲುಗಳ ಗುಡ್ಡೆ! ಒಂದು ಮಾತೂ ಇಲ್ಲದೆ ಎಷ್ಟು ಹೇಳಿಬಿಟ್ಟರು. ಕೊನೆಯಲ್ಲಿ ಹೆಂಗಸರು ಗುಂಡಿಯ ಬಳಿ ಕಾದು ಕೂತು, ಒಸರಿದಷ್ಟೇ ನೀರು ಮೊಗೆದು ತುಂಬುತ್ತಾರೆ. ತುಂಬಾ ನಿಧಾನದ ದೃಶ್ಯ, ಹಾಗೇ ಇರಬೇಕು. ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಧೂಳು ಎದ್ದದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮ ಕದಲಲಿಲ್ಲ. ಅವರಿಗೆ ತಮಿಳು ಚೆನ್ನಾಗಿ ಬರುತ್ತದೆ.

ಆದರೆ ಇರಾನಿನ ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್?’ ಹಾಕಿದಾಗ ಅಮ್ಮ ಅರ್ಧಕ್ಕೇ ಎದ್ದರು. ಗೆಳೆಯನ ನೋಟ್‌ಬುಕ್ಕು ತನ್ನ ಚೀಲದಲ್ಲಿ ಬಂದುಬಿಟ್ಟಿದೆ, ನಾಳೆ ಮೇಷ್ಟ್ರು ಅವನನ್ನು ಶಾಲೆಯಿಂದ ಹೊರಹಾಕುತ್ತಾರೆ ಅಂತ ಹುಡುಗ ಎಷ್ಟು ಹೇಳಿದರೂ ತಾಯಿ ಕೇಳಿಸಿಕೊಳ್ಳುವುದಿಲ್ಲ. ಮೊದಲು ಹೋಂವರ್ಕ್ ಮಾಡು ಅನ್ನುತ್ತಾಳೆ. ಇದು ಅಮ್ಮನಿಗೆ ಹಿಡಿಸದೇ ಇರುವ ಕಥೆಯೇ ಅಲ್ಲ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲು ಓದಲು ಅವರಿಗೆ ಬರುವುದಿಲ್ಲ, ಅಷ್ಟೇ.

ನಮ್ಮ ಕನ್ನಡದ್ದೇ ‘ಶಿವಮ್ಮ’ ನೋಡಿದ್ದೂ ಬೆಂಗಳೂರಿಗೆ ಹೋಗಿ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು ಚೈನ್ ಲಿಂಕ್‌ನಲ್ಲಿ, ಅಂದರೆ ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತಾ ಹೋಗುವ ವ್ಯಾಪಾರದಲ್ಲಿ, ಶಕ್ತಿ ಬರುತ್ತದೆ ಅನ್ನುವ ಪೌಡರ್ ಮಾರಲು ಹೊರಡುವ ಕಥೆ. ಮಧ್ಯೆ ಸ್ವಲ್ಪ ಎಳೆದಂತಾಯಿತು. ಆದರೆ ನಿರ್ದೇಶಕ ಜೈಶಂಕರ್ ಆರ್ಯರ್ ಎಲ್ಲೂ ಆಕೆಯನ್ನು ಲೇವಡಿ ಮಾಡಿಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರವನ್ನು ನಮ್ಮ ಬಿಸಿಯೂಟದ ಅಕ್ಕಂದಿರೇ ನೋಡಬೇಕು ಅಲ್ವಾ?

ಚಲನಚಿತ್ರ ಅಕಾಡೆಮಿಯವರು ಬೆಂಗಳೂರಿನ ಚಿತ್ರೋತ್ಸವದ ನಾಲ್ಕಾರು ಸಿನಿಮಾಗಳನ್ನಾದರೂ ಜಿಲ್ಲೆಗಳಿಗೆ ಕಳಿಸಲಿ. ಪರದೆಯ ಕೆಳಗಿನ ಸಾಲು ಕನ್ನಡದಲ್ಲಿ ಬರಲಿ. ಇಲ್ಲಿ ಟಿ. ಚನ್ನಯ್ಯ ರಂಗಮಂದಿರ ಇದೆ. ಪ್ರದರ್ಶನ ಸಂಜೆ ಇಟ್ಟರೆ ಮಂಡಿಯವರೂ ಬರಬಹುದು, ಅಷ್ಟು ಹೊತ್ತಿಗೆ ಹರಾಜು ಮುಗಿದಿರುತ್ತದೆ.

— ಓದುಗ, ಕೋಲಾರ