ಒಂದು ಹೋದ ಮೇಲೆ ಇನ್ನೊಂದು ಬಂದರೆ?

ಮಾನ್ಯ ಸಂಪಾದಕರೇ,

ನೈರುತ್ಯ ಹಿಂದೂ ಮಹಾಸಾಗರದಲ್ಲಿ ಈ ಸಲ ಚಂಡಮಾರುತಗಳ ಸಂಖ್ಯೆ ಹೆಚ್ಚುಕಮ್ಮಿ ಸರಾಸರಿಯಷ್ಟೇ ಇರುತ್ತದೆ ಎಂದು ನಿಮ್ಮ ವಿದೇಶ ಪುಟದಲ್ಲಿ ಬಂದ ಪುಟ್ಟ ಸುದ್ದಿ ಓದಿದೆ. ನಾನು ಧಾರವಾಡದ ಕಡೆಯವನು, ಕೆಲಸಕ್ಕೆ ಅಂತ ಬಂದು ಮಾರಿಷಸ್‌ನಲ್ಲಿ ನೆಲೆಸಿದ್ದೇನೆ. ಊರಿನ ಸುದ್ದಿಗೆ ನಿಮ್ಮ ಪತ್ರಿಕೆಯೇ ಆಧಾರ, ದಿನಾ ಫೋನಿನಲ್ಲಿ ಓದುತ್ತೇನೆ. ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಓದಿದ ನನ್ನ ತಮ್ಮ ಊರಿಂದ ಫೋನ್ ಮಾಡಿ "ಈ ವರ್ಷ ನಿಮಗೆ ತೊಂದರೆ ಇಲ್ಲವಂತೆ" ಅಂದ ನೋಡಿ, ಅದಕ್ಕೇ ಈ ಪತ್ರ.

ಈ ಸಮುದ್ರದಲ್ಲಿ ವರ್ಷಕ್ಕೆ ಹೆಸರು ಪಡೆಯುವ ಬಿರುಗಾಳಿಗಳು ಸರಾಸರಿ ಹತ್ತರ ಆಸುಪಾಸು. ಹತ್ತೂ ನಡುನೀರಲ್ಲೇ ಸುತ್ತಾಡಿ ಕರಗಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ಬರೀ ಎರಡೇ ಬಂದು, ಎರಡೂ ಒಂದೇ ದ್ವೀಪಕ್ಕೆ ಹೊಡೆದರೆ? 1960ರಲ್ಲಿ ಇಲ್ಲಿ ಆದದ್ದು ಅದೇ. ಜನವರಿಯಲ್ಲಿ ಅಲಿಕ್ಸ್ ಎಂಬ ಚಂಡಮಾರುತ ಬಂತು. ಜನ ಮನೆಗಳ ಸೂರು ಸರಿಮಾಡಿಕೊಳ್ಳುತ್ತಿದ್ದಾಗಲೇ ಫೆಬ್ರವರಿ ಕೊನೆಗೆ ಕ್ಯಾರೊಲ್ ಬಂತು, ಗಂಟೆಗೆ 256 ಕಿ.ಮೀ. ವೇಗದ ಗಾಳಿಯೊಂದಿಗೆ. 42 ಜನ ಸತ್ತರು. ಮರ, ಹುಲ್ಲು, ತಗಡಿನ ಮನೆಗಳು ಸಾವಿರಗಟ್ಟಲೆ ನೆಲಕಚ್ಚಿದವು. ಇವತ್ತು ಮಾರಿಷಸ್ ತುಂಬ ಕಾಣುವ ಕಾಂಕ್ರೀಟ್ ಮನೆಗಳ ಕಥೆ ಶುರುವಾದದ್ದು ಅಲ್ಲಿಂದ. ಆ ಕಾಲದ ಅಜ್ಜಂದಿರು ಈಗಲೂ ಕ್ಯಾರೊಲ್ ಎನ್ನುತ್ತಾರೆ, ಅಲಿಕ್ಸ್ ಹೆಸರು ಬಾಯಿಗೆ ಬರುವುದೇ ಇಲ್ಲ. ಆದರೆ ಕ್ಯಾರೊಲ್‌ಗೆ ದಾರಿ ಮಾಡಿಕೊಟ್ಟದ್ದು ಅಲಿಕ್ಸೇ ಅಲ್ವಾ?

ಅದಕ್ಕೆ ನನ್ನದೊಂದು ಕೋರಿಕೆ. ಎಷ್ಟು ಬರುತ್ತವೆ ಎಂಬ ಲೆಕ್ಕ ಬಿಟ್ಟು ಸುಮ್ನೆ ಒಂದು ಋತುವನ್ನು ಕಲ್ಪಿಸಿಕೊಳ್ಳಿ. ನವೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ, ಯಾವುದರ ಹಿಂದೆ ಯಾವುದು, ಯಾವ ದ್ವೀಪದ ಮೇಲೆ ಅಂತ. ನಾನೇ ಒಂದು ಕಟ್ಟಿ ತೋರಿಸುತ್ತೇನೆ. ಹೆಸರು ಇಡುವುದಿಲ್ಲ, ಅದು ಇಲ್ಲಿ ಮಾರಿಷಸ್ ಮತ್ತು ಮಡಗಾಸ್ಕರ್ ಹವಾಮಾನ ಇಲಾಖೆಗಳ ಕೆಲಸ, 55 ಡಿಗ್ರಿ ರೇಖಾಂಶದ ಪೂರ್ವಕ್ಕೆ ಒಬ್ಬರು, ಪಶ್ಚಿಮಕ್ಕೆ ಇನ್ನೊಬ್ಬರು.

ಮೊದಲನೆಯದು ಡಿಸೆಂಬರ್‌ನಲ್ಲಿ. ಹಿಂದೂ ಮಹಾಸಾಗರದ ನಡುವಿನ ಡಿಯೆಗೊ ಗಾರ್ಸಿಯಾ ದ್ವೀಪದ ಕಡೆ ಹುಟ್ಟುತ್ತದೆ. ಚಿಕ್ಕದು, ಆದರೆ ಬಿಗಿಯಾದದ್ದು. ಪಶ್ಚಿಮಕ್ಕೆ ಹೋಗುತ್ತಾ ಅಗಲೆಗಾ ಮೇಲೆ ಹಾಯುತ್ತದೆ. ಅಗಲೆಗಾ ಅಂದರೆ ಮಾರಿಷಸ್‌ಗೆ ಸೇರಿದ, ಇಲ್ಲಿಂದ ಸುಮಾರು 1,000 ಕಿ.ಮೀ. ಉತ್ತರಕ್ಕಿರುವ ಎರಡು ತುಂಡು ನೆಲ. ತೆಂಗಿನ ಮರಗಳು, 300ರ ಆಸುಪಾಸು ಜನ. ಇದು ಕಲ್ಪನೆ ಅಂದುಕೊಂಡಿರಾ? 2024ರ ಡಿಸೆಂಬರ್ 11ರಂದು ಚಿಡೊ ಎಂಬ ಚಂಡಮಾರುತ ಹಾಗೆಯೇ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ದೇಶ ಕಟ್ಟಿಕೊಟ್ಟ ಏರ್‌ಸ್ಟ್ರಿಪ್ ಮತ್ತು ಜೆಟ್ಟಿ ಉದ್ಘಾಟನೆಯಾದಾಗ ಅಗಲೆಗಾ ಬಗ್ಗೆ ಭಾರತದ ಪತ್ರಿಕೆಗಳೆಲ್ಲ ಬರೆದವು. ಸೇನೆ, ಚೀನಾ, ಆಯಕಟ್ಟಿನ ಜಾಗ ಅಂತ ದೊಡ್ಡ ದೊಡ್ಡ ನಕ್ಷೆಗಳು. ಹತ್ತು ತಿಂಗಳ ನಂತರ ಅಲ್ಲಿನ ಮನೆಗಳ ಸೂರು ಹಾರಿಹೋದ ಸುದ್ದಿ ಮಾತ್ರ ನನ್ನ ಕಣ್ಣಿಗೆ ಕನ್ನಡದಲ್ಲಿ ಎಲ್ಲೂ ಬೀಳಲಿಲ್ಲ.

ಚಿಡೊ ಅಲ್ಲಿಗೇ ನಿಲ್ಲಲಿಲ್ಲ. ಮೂರು ದಿನದ ಮೇಲೆ, ಡಿಸೆಂಬರ್ 14ರಂದು, ಫ್ರಾನ್ಸ್‌ಗೆ ಸೇರಿದ ಮಯೊಟ್ ದ್ವೀಪದ ಮೇಲೇ ಹಾದುಹೋಯಿತು. ಅಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಗುಡ್ಡದ ಇಳಿಜಾರುಗಳಲ್ಲಿ ತಗಡಿನ ಗುಡಿಸಲು ಹಾಕಿಕೊಂಡವರು. ಬಹಳಷ್ಟು ಮಂದಿ ಪಕ್ಕದ ಕೊಮೊರೊಸ್ ದ್ವೀಪಗಳಿಂದ ದೋಣಿಯಲ್ಲಿ ಬಂದವರು, ಕಾಗದಪತ್ರ ಇಲ್ಲ. ಆಶ್ರಯ ಕೇಂದ್ರಕ್ಕೆ ಹೋದರೆ ಪೊಲೀಸರು ಹಿಡಿದು ವಾಪಸ್ ಕಳಿಸುತ್ತಾರೆ ಎಂಬ ಭಯಕ್ಕೆ ಎಷ್ಟೋ ಜನ ಗುಡಿಸಲಲ್ಲೇ ಉಳಿದರು ಎಂದು ಆಗ ವರದಿಯಾಗಿತ್ತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 40ರ ಆಸುಪಾಸು. ಮಣ್ಣು ಮಾಡಿದವರನ್ನೆಲ್ಲ ಎಣಿಸಿದ್ದಾರೆಂದು ಅಲ್ಲಿ ಅನೇಕರು ನಂಬುವುದಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಅದು ಎರಡು ದಿನ ಬಂತು. ಎರಡನೇ ದಿನ ಫೋಟೊ ಸಹಿತ. ಆಮೇಲೆ ಮುಗಿಯಿತು. ನನ್ನ ದೂರು ಶುರುವಾಗುವುದೇ ಇಲ್ಲಿ. ಮಯೊಟ್‌ಗೆ ಋತು ಇನ್ನೂ ಆರಂಭದಲ್ಲಿತ್ತು! ಪರಿಹಾರ ಸಾಮಾನು ಸುಮಾರು 1,400 ಕಿ.ಮೀ. ದೂರದ, ಫ್ರಾನ್ಸ್‌ಗೇ ಸೇರಿದ ರಿಯೂನಿಯನ್ ದ್ವೀಪದಿಂದ ವಿಮಾನದಲ್ಲಿ ಬರಬೇಕು, ವಿಮಾನ ನಿಲ್ದಾಣಕ್ಕೇ ಪೆಟ್ಟು ಬಿದ್ದಿತ್ತು. ಜನ ಕಾಯುತ್ತಾ ಕೂರಲಿಲ್ಲ. ಬಿದ್ದಿದ್ದ ತಗಡನ್ನೇ ಆಯ್ದು, ಸುತ್ತಿಗೆಯಲ್ಲಿ ಬಡಿದು ನೇರ ಮಾಡಿ, ಹಳೇ ಮೊಳೆ ಕಿತ್ತು ಅದೇ ಜಾಗದಲ್ಲಿ ಮತ್ತೆ ಗುಡಿಸಲು ಎಬ್ಬಿಸಿದರು. ಗುಡಿಸಲು ಮತ್ತೆ ಏಳಬಾರದೆಂದು ಸರ್ಕಾರ ಹೊಸ ತಗಡು ಕೊಳ್ಳಲು ಗುರುತಿನ ಚೀಟಿ ಕೇಳುವ ನಿಯಮ ತಂದಿತು. ಆಗ 2025ರ ಜನವರಿ 12ಕ್ಕೆ ಡಿಕೆಲೆಡಿ ಬಂತು, ಮಯೊಟ್‌ನ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಹಾದುಹೋಯಿತು. ಗಾಳಿ ಚಿಡೊದಷ್ಟು ಇರಲಿಲ್ಲ. ಆದರೆ ಟಾರ್ಪಾಲಿನ ಕೆಳಗೆ ಮಲಗಿದವರಿಗೆ ಅಷ್ಟು ಗಾಳಿಮಳೆ ಸಾಕಾಗಿತ್ತು. ಸುದ್ದಿಮನೆಗೆ ಅದು ಸಾಧಾರಣ ಬಿರುಗಾಳಿ, ಬರೆಯುವಂಥದ್ದೇನೂ ಇಲ್ಲ.

ನನ್ನ ಕಲ್ಪನೆಯ ಎರಡನೆಯದು ಬೇರೆ ಥರ. ಜನವರಿಯಲ್ಲಿ ಮಾರಿಷಸ್ ಮತ್ತು ರಿಯೂನಿಯನ್ ಪಕ್ಕದಲ್ಲಿ ನಿಧಾನವಾಗಿ ನಡೆಯುತ್ತದೆ. ನೆಲಕ್ಕೆ ಬರುವುದೇ ಇಲ್ಲ, ಸುಮ್ಮನೆ ಮಳೆ ಸುರಿಸುತ್ತದೆ. ಇಲ್ಲಿನ ಎಚ್ಚರಿಕೆ ಪದ್ಧತಿ ಕ್ಲಾಸ್ ಒನ್‌ನಿಂದ ಕ್ಲಾಸ್ ಫೋರ್‌ವರೆಗೆ. ಎಲ್ಲದಕ್ಕೂ ಅಳತೆ ಒಂದೇ, ಗಂಟೆಗೆ 120 ಕಿ.ಮೀ. ಗಾಳಿ ಬೀಸಲು ಇನ್ನು ಎಷ್ಟು ಹೊತ್ತಿದೆ ಎಂಬುದು; ಫೋರ್ ಅಂದರೆ ಆ ಗಾಳಿ ಬೀಸತೊಡಗಿದೆ ಅಂತ. ಕ್ಲಾಸ್ ಟೂ ಅಂದರೆ ಶಾಲೆಗೆ ರಜೆ, ಬೇಕರಿ ಮುಂದೆ ಕ್ಯೂ, ಬ್ರೆಡ್ಡು, ಮೇಣದಬತ್ತಿ, ಡಬ್ಬಿ ಮೀನು. ನಮ್ಮ ಪಕ್ಕದ ಮನೆಯ ಅಜ್ಜಿ ಆ ಹೊತ್ತಿಗೆ ಮಾವಿನ ಮರದ ಕೊಂಬೆ ಕಡಿಸಿ, ಡ್ರಮ್ಮಿಗೆ ನೀರು ತುಂಬಿಸಿ, ಕೋಳಿಗಳನ್ನು ಬಚ್ಚಲುಮನೆಗೆ ಕೂಡಿಹಾಕಿ, ರೇಡಿಯೊ ಮುಂದೆ ಕೂತಿರುತ್ತಾಳೆ. ಅಪಾರ್ಟ್‌ಮೆಂಟಿನ ನಮ್ಮಂಥವರು ಕಿಟಕಿ ಗಾಜಿಗೆ ಟೇಪ್ ಅಂಟಿಸಿ ಫೋನ್ ನೋಡುತ್ತಿರುತ್ತೇವೆ. ಕ್ಲಾಸ್ ತ್ರೀ ಬಂದರೆ ಬಸ್ಸು, ಅಂಗಡಿ ಎಲ್ಲ ಬಂದ್. ಗಾಳಿಗೆ ಇದು ಒಳ್ಳೆಯ ಪದ್ಧತಿ, ಎಷ್ಟೋ ಜೀವ ಉಳಿಸಿದೆ.

ಮಳೆ ಮಾತ್ರ ಈ ಕ್ಲಾಸುಗಳನ್ನು ಕೇಳಿ ಸುರಿಯುವುದಿಲ್ಲ. 2024ರ ಜನವರಿ 15ರಂದು ಬೆಲಾಲ್ ಬಂದಾಗ ರಾಜಧಾನಿ ಪೋರ್ಟ್ ಲೂಯಿಸ್‌ನಲ್ಲಿ ಜನ ಕೆಲಸಕ್ಕೆ ಹೋಗಿದ್ದರು. ಗಾಳಿ ಜೋರಾಗುವ ಮೊದಲೇ ನೀರು ಬಂತು. ಕಾರುಗಳು ಒಂದರ ಮೇಲೊಂದು ತೇಲಿಹೋದವು. ಆಮೇಲೆ ಗಲಾಟೆಯಾಗಿ ಹವಾಮಾನ ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅದಕ್ಕೂ ಮುಂಚೆ, 2013ರ ಮಾರ್ಚ್ 30ರಂದು, ಚಂಡಮಾರುತವೇ ಇಲ್ಲದೆ ಅದೇ ಊರಲ್ಲಿ ಹಠಾತ್ ಪ್ರವಾಹಕ್ಕೆ 11 ಜನ ಸತ್ತಿದ್ದರು. ಹಿಂದೆ ಬೆಟ್ಟ, ಮುಂದೆ ಬಂದರು, ನಡುವೆ ಕಾಂಕ್ರೀಟ್ ಮುಚ್ಚಿದ ಕಾಲುವೆ, ನೀರು ಇನ್ನೆಲ್ಲಿಗೆ ಹೋಗಬೇಕು?

ರಿಯೂನಿಯನ್ ಮಳೆಯ ಲೆಕ್ಕವನ್ನಂತೂ ಆಗುಂಬೆಯವರೂ ನಂಬಲಾರರು. ಆಗುಂಬೆಯಲ್ಲಿ ಇಡೀ ವರ್ಷಕ್ಕೆ ಬೀಳುವುದು 7,000 ಮಿ.ಮೀ. ಆಸುಪಾಸು. ರಿಯೂನಿಯನ್ನಿನ ಕೊಮೆರ್ಸನ್ ಎಂಬಲ್ಲಿ 2007ರ ಫೆಬ್ರವರಿಯಲ್ಲಿ ಗಮೇಡ್ ಮೂರೇ ದಿನದಲ್ಲಿ 3,929 ಮಿ.ಮೀ. ಸುರಿಯಿತು. 1980ರ ಜನವರಿಯಲ್ಲಿ ಹಯಸಿಂತ್ 15 ದಿನದಲ್ಲಿ 6,000 ಮಿ.ಮೀ. ದಾಟಿಸಿತು. ಇವೆಲ್ಲ ವಿಶ್ವದಾಖಲೆಗಳು. ಸಮುದ್ರದಿಂದ ಬಂದ ಮೋಡ 3,000 ಮೀಟರ್ ಎತ್ತರದ ಜ್ವಾಲಾಮುಖಿ ಬೆಟ್ಟಗಳಿಗೆ ಬಡಿದು ಅಲ್ಲೇ ಖಾಲಿಯಾಗುತ್ತದೆ. ಗಾಳಿಯ ವೇಗ ನೋಡಿ ಮಾತ್ರ 'ಭೀಕರ', 'ಸಾಧಾರಣ' ಅಂತ ತಲೆಬರಹ ಕೊಡುವ ಪತ್ರಕರ್ತ ಮಿತ್ರರು ಇದನ್ನು ಒಮ್ಮೆ ನೋಡಬೇಕು.

ಮೂರನೆಯದು ಫೆಬ್ರವರಿಯಲ್ಲಿ, ಮಡಗಾಸ್ಕರ್ ಪೂರ್ವ ಕರಾವಳಿಗೆ. ಅದರ ಹಿಂದೆಯೇ ಇನ್ನೊಂದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, 2022ರಲ್ಲಿ ಬತ್ಸಿರಾಯಿ ಮತ್ತು ಎಮ್ನಾತಿ ಎಂಬ ಎರಡು ಅದೇ ತಿಂಗಳಲ್ಲಿ ಅದೇ ಕರಾವಳಿಗೆ ಬಡಿದವು. ಹೋದದ್ದೇ ಮರಳಿ ಬರುವುದೂ ಉಂಟು. 2023ರ ಫ್ರೆಡ್ಡಿ ಆಸ್ಟ್ರೇಲಿಯಾ ಪಕ್ಕದಲ್ಲಿ ಹುಟ್ಟಿ, ಇಡೀ ಸಾಗರ ದಾಟಿ, ಮಾರಿಷಸ್‌ನ ಉತ್ತರಕ್ಕೆ ಹಾದು, ಮಡಗಾಸ್ಕರ್, ಮೊಜಾಂಬಿಕ್‌ಗೆ ಹೊಡೆದು, ಮತ್ತೆ ಸಮುದ್ರಕ್ಕಿಳಿದು ಬಲ ತುಂಬಿಕೊಂಡು ಮೊಜಾಂಬಿಕ್‌ಗೆ ಎರಡನೇ ಸಲ ಬಂತು. ಹೆಚ್ಚು ಜನ ಸತ್ತದ್ದು ಸಮುದ್ರವೇ ಇಲ್ಲದ ಮಲಾವಿ ದೇಶದಲ್ಲಿ. ಲೆಕ್ಕದಲ್ಲಿ ಫ್ರೆಡ್ಡಿ ಬರೀ ಒಂದು.

ಕೊನೆಯದನ್ನು ಏಪ್ರಿಲ್ ಕೊನೆಗೆ ಇಟ್ಟಿದ್ದೇನೆ. ಎಲ್ಲರೂ ಮುಗಿಯಿತು ಅಂತ ಹಲಗೆ, ಹಗ್ಗ ಒಳಗಿಟ್ಟ ಮೇಲೆ. 1892ರಲ್ಲಿ ಮಾರಿಷಸ್‌ಗೆ ಹಾಗೆಯೇ ಆಯಿತು. ಏಪ್ರಿಲ್ ಮಧ್ಯದ ನಂತರ ಬರುವುದಿಲ್ಲ ಎಂದು ಬಲ್ಲವರೂ ನಂಬಿದ್ದರು. ಏಪ್ರಿಲ್ 29ಕ್ಕೆ ಬಂತು. ನಡುವೆ ಗಾಳಿ ನಿಂತಿತು. ಮುಗಿಯಿತೆಂದು ಜನ ಹೊರಬಂದರು. ಅದು ಚಂಡಮಾರುತದ ಕಣ್ಣು. ಕಣ್ಣು ದಾಟಿದ ಮೇಲೆ ಗಾಳಿ ಎದುರು ದಿಕ್ಕಿಂದ ಇನ್ನೂ ಜೋರಾಗಿ ಬೀಸಿ ಊರು ಕೆಡವಿತು. ಸತ್ತವರು ಸಾವಿರಕ್ಕೂ ಮೇಲೆ. ತೀರಾ ಹಳೇ ಕಥೆ ಅನ್ನುವವರಿಗೆ 2019ರ ಕೆನೆತ್ ಇದೆ. ಮಾರ್ಚ್‌ನಲ್ಲಿ ಇಡಾಯಿ ಮೊಜಾಂಬಿಕ್‌ನ ಬೇರಾ ನಗರವನ್ನು ಮುಳುಗಿಸಿತ್ತು. ಏಪ್ರಿಲ್ 24ಕ್ಕೆ ಕೆನೆತ್ ಕೊಮೊರೊಸ್ ಪಕ್ಕ ಹಾದು ಮರುದಿನ ಮೊಜಾಂಬಿಕ್‌ನ ಉತ್ತರಕ್ಕೆ ಹೊಡೆಯಿತು.

ನೋಡಿ, ನಾನು ಕಟ್ಟಿದ ಋತುವಿನಲ್ಲಿ ಎಣಿಸಿದರೆ ಐದೇ ಬಿರುಗಾಳಿ. ನಿಮ್ಮ ಸುದ್ದಿಯ ಪ್ರಕಾರ ಇದು ಸರಾಸರಿಗಿಂತ ಕಡಿಮೆ, ನನ್ನ ತಮ್ಮನ ಪ್ರಕಾರ ತೊಂದರೆ ಇಲ್ಲದ ವರ್ಷ.

ಕರ್ನಾಟಕದ ಓದುಗರಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಇಲ್ಲಿ ಕೆಲಸಕ್ಕೆ ಬಂದಿರುವ ಕನ್ನಡದ ಮನೆಗಳಿವೆ, ಅವರ ಅಪ್ಪ ಅಮ್ಮ ಊರಲ್ಲಿ ಕೂತು ನಿಮ್ಮ ಪತ್ರಿಕೆ ಓದಿ ಹೆದರುತ್ತಾರೆ ಅಥವಾ ಹೆದರುವುದನ್ನು ಬಿಡುತ್ತಾರೆ. ಜೊತೆಗೆ ನಮ್ಮ ಕರಾವಳಿಯ ಸುದ್ದಿಯನ್ನೂ ನೀವು ಹೀಗೇ ಬರೆಯುತ್ತೀರಿ. 2021ರ ಮೇನಲ್ಲಿ ತೌಕ್ತೆ ಉಡುಪಿ, ಮಂಗಳೂರು ಕಡೆ ಕಡಲ ದಂಡೆ ಕೊರೆದಾಗ ಎರಡು ಮೂರು ದಿನ ಮುಖಪುಟ. ಅದಾದ ಮೇಲೆ ಮುಂಗಾರು ಬಂತು, ಕೊರೆದ ದಂಡೆಗೇ ಬಂತು. ಆಗ ಅಲ್ಲಿನವರು ಹೇಗಿದ್ದರು ಎಂದು ಓದಿದ ನೆನಪು ನನಗಿಲ್ಲ.

ಹಾಗಾಗಿ ನೇರವಾಗಿ ಕೇಳುತ್ತೇನೆ. ಮುಂದಿನ ಋತು ಶುರುವಾಗುವ ಮೊದಲು ಸಂಖ್ಯೆಯ ಸುದ್ದಿ ಹಾಕಲೇಬೇಕಿದ್ದರೆ ಹಾಕಿ, ಆದರೆ ಪಕ್ಕದಲ್ಲಿ ಹೋದ ಸಲ ಪೆಟ್ಟು ತಿಂದ ದ್ವೀಪಗಳು ಈಗ ಯಾವ ಸ್ಥಿತಿಯಲ್ಲಿವೆ ಎಂದು ಎರಡು ಸಾಲು ಸೇರಿಸಿ. ದೊಡ್ಡ ಬಿರುಗಾಳಿ ಬಂದು ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ಬರೆಯಿರಿ. ಎಷ್ಟು ಮನೆಗೆ ಸೂರು ಬಂತು, ಎಷ್ಟು ಮನೆಗೆ ಇನ್ನೂ ಟಾರ್ಪಾಲು ಅಂತ ಕೇಳಿ. ನಕ್ಷೆ ಹಾಕುವಾಗ ಮಾರಿಷಸ್ ಜೊತೆ ಅದಕ್ಕೇ ಸೇರಿದ ರೊಡ್ರಿಗ್ಸ್, ಅಗಲೆಗಾ ದ್ವೀಪಗಳನ್ನೂ ತೋರಿಸಿ, ಅವು ಚುಕ್ಕಿಯಷ್ಟೇ ಇದ್ದರೂ ಪರವಾಗಿಲ್ಲ. ಮಯೊಟ್‌ನಿಂದಲೇ ಶುರುಮಾಡಬಹುದು.

ಇಂತಿ,
ನಿಮ್ಮ ಓದುಗ
ಕ್ವಾತ್ರ್ ಬೋರ್ನ್, ಮಾರಿಷಸ್