ತೀರ್ಥಹಳ್ಳಿಗೆ ಹೊರಡುವ ಮುಂಚೆ

ಮೈಸೂರು

ಚಿ. ಸಿಂಧುಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಚಿತ್ರಕಥೆ ಓದಿದೆ. ಇಪ್ಪತ್ತು ನಿಮಿಷದ ಸಿನಿಮಾಕ್ಕೆ ಹದವಾಗಿದೆ. ಕತೆಯ ಬಗ್ಗೆ ನನ್ನ ತಕರಾರುಗಳನ್ನು ಫೋನಿನಲ್ಲಿ ಹೇಳುತ್ತೇನೆ, ನೀನು ಹೇಗೂ ಕೇಳುವವಳಲ್ಲ. ಈ ಪತ್ರ ಬೇರೆ ವಿಷಯಕ್ಕೆ. ಸಿನಿಮಾ, ಫಿಸಿಕ್ಸ್ ಎರಡರಲ್ಲಿ ಒಂದು ಹುಚ್ಚನ್ನು ಬಿಡಬೇಕೇನೋ ಅಂತ ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ. ಯಾವುದನ್ನೂ ಬಿಡಬೇಡ. ಕೈಯಲ್ಲಿ ದುಡ್ಡಿಲ್ಲದೆ ಸಿನಿಮಾ ಮಾಡುವವರಿಗೆ ಫಿಸಿಕ್ಸೇ ಬಂಡವಾಳ. ಬಾಡಿಗೆ ಲೈಟು, ಬಾಡಿಗೆ ಲೆನ್ಸು ಇಲ್ಲದಿದ್ದರೂ ನಡೆಯುತ್ತದೆ. ಚಿತ್ರ ಯಾಕೆ ಮಿನುಗುತ್ತಿದೆ, ಮಾತು ಯಾಕೆ ತುಟಿಗೆ ಕೂಡುತ್ತಿಲ್ಲ ಅನ್ನುವುದು ತಿಳಿಯದಿದ್ದರೆ ಮಾತ್ರ ನಡೆಯುವುದಿಲ್ಲ.

ಮೊದಲು ಕರೆಂಟು. ನಮ್ಮ ದೇಶದ್ದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಒಂದು ಆವರ್ತದಲ್ಲಿ ಎರಡು ಸಲ ಏರಿಳಿತ ಆಗುವುದರಿಂದ ಹಳೆಯ ಚೋಕ್‌ನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಶಟರ್ ಸೆಕೆಂಡಿನ 1/60 ಭಾಗ ತೆರೆದಿದ್ದರೆ ಅಷ್ಟು ಹೊತ್ತಿನಲ್ಲಿ ಒಂದು ಪೂರ್ತಿ ಮಿನುಗು, ಇನ್ನೊಂದರ ಮೂರರಲ್ಲಿ ಎರಡು ಪಾಲು ಸಿಗುತ್ತದೆ. ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಿಕೊಂಡು ಹೋಗುವುದರಿಂದ ಕೆಲವು ಸಾಲಿಗೆ ಬೆಳಕು ಹೆಚ್ಚು, ಕೆಲವಕ್ಕೆ ಕಡಿಮೆ. ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೇಲುವುದು ಇದಕ್ಕೇ. 1/50 ಇಟ್ಟರೆ ಸರಿಯಾಗಿ ಎರಡು ಮಿನುಗು. ಎಲ್ಲಿಂದ ಎಣಿಸಲು ಶುರುಮಾಡಿದರೂ ಮೊತ್ತ ಬದಲಾಗುವುದಿಲ್ಲ. ಆದ್ದರಿಂದ ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದರೂ 25ರಲ್ಲಿ ತೆಗೆದರೂ ಮನೆಯೊಳಗೆ ಶಟರ್ 1/50. ಶಟರನ್ನು ಡಿಗ್ರಿಯಲ್ಲಿ ತೋರಿಸುವ ಕ್ಯಾಮೆರಾ ಆದರೆ 24ಕ್ಕೆ 172.8, 25ಕ್ಕೆ 180.

ಹಾಗಾದರೆ 24ಓ 25ಓ? ಥಿಯೇಟರಿನಲ್ಲಿ ತೋರಿಸುವ ಆಸೆ ಇದ್ದರೆ 24. ಎಲ್ಲ ಡಿಜಿಟಲ್ ಪ್ರೊಜೆಕ್ಟರಿಗೂ ತಂಟೆಯಿಲ್ಲದೆ ಒಗ್ಗುವ ವೇಗ ಅದು. ಈ ಸಂಖ್ಯೆ ಗಟ್ಟಿಯಾದದ್ದು 1920ರ ದಶಕದ ಕೊನೆಯಲ್ಲಿ, ಟಾಕಿ ಬಂದಾಗ. ಮೂಕಿ ಕಾಲದಲ್ಲಿ ರೀಲಿನ ವೇಗ ಕೈ ತಿರುಗಿಸುವವನ ಇಷ್ಟ. ಫಿಲ್ಮಿಗೆ ಧ್ವನಿ ಕೂಡಿದ ಮೇಲೆ ವೇಗ ತಪ್ಪಿದರೆ ಗಂಡಸಿನ ದನಿ ಹೆಂಗಸಿನದಾಗುತ್ತದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು, ನಿಮಿಷಕ್ಕೆ 90 ಅಡಿ: ಲೆಕ್ಕ ಹಾಕು, 24 ಬರುತ್ತದೆ. ಕಣ್ಣಿಗೆ 24 ಸಾಕು ಅಂತ ಯಾರೋ ಪ್ರಯೋಗ ಮಾಡಿ ಕಂಡುಹಿಡಿದದ್ದಲ್ಲ. ಅಸಲಿಗೆ ಸಾಕಾಗುವುದೂ ಇಲ್ಲ. ಅದಕ್ಕೇ ಫಿಲ್ಮ್ ಪ್ರೊಜೆಕ್ಟರಿನ ಶಟರ್ ಒಂದೇ ಫ್ರೇಮನ್ನು ಎರಡು ಅಥವಾ ಮೂರು ಸಲ ಹೊಳೆಯಿಸುತ್ತಿತ್ತು, ಸೆಕೆಂಡಿಗೆ 48 ಅಥವಾ 72 ಸಲ. ಇನ್ನೊಂದು ಮಾತು. ರೆಟಿನಾದಲ್ಲಿ ಚಿತ್ರ ಉಳಿದುಕೊಳ್ಳುವುದರಿಂದ ಚಲನೆ ಕಾಣುತ್ತದೆ ಅಂತ ಶಾಲೆಯ ಪುಸ್ತಕ ಹೇಳುವುದನ್ನು ನಿನ್ನ ವರ್ಕ್‌ಶಾಪಿನಲ್ಲಿ ಮಕ್ಕಳಿಗೆ ಹೇಳಬೇಡ. ಉಳಿದುಕೊಂಡಿದ್ದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿತ್ತು. ಬಿಡಿ ಚಿತ್ರಗಳ ನಡುವೆ ಚಲನೆಯನ್ನು ಕಟ್ಟುವುದು ಮಿದುಳು. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ ಇದರ ಮೇಲಿನ ಪ್ರಬಂಧವನ್ನು ಪ್ರಕಟಿಸಿದ್ದು 1912ರಲ್ಲೇ.

ತೀರ್ಥಹಳ್ಳಿಯ ಮನೆಗೆ ಹೋದ ದಿನವೇ ಒಂದೊಂದು ಬಲ್ಬನ್ನೂ ಫೋನಿನ ಸ್ಲೋ ಮೋಷನ್ನಿನಲ್ಲಿ, 240 ಫ್ರೇಮಿನಲ್ಲಿ, ಹಿಡಿದು ನೋಡು. ಮಿನುಗುವುದು ಯಾವುದು ಅಂತ ಆಗಲೇ ಗೊತ್ತಾಗುತ್ತದೆ. ಡಿಮ್ಮರ್ ಇರುವ ಎಲ್‌ಇಡಿಯನ್ನು ಬಿಟ್ಟುಬಿಡು. ಅದು ತನ್ನದೇ ವೇಗದಲ್ಲಿ ಕತ್ತರಿಸಿ ಬೆಳಕು ತಗ್ಗಿಸುತ್ತದೆ, 1/50ಕ್ಕೂ ಬಗ್ಗುವುದಿಲ್ಲ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಇದೇ ಪರೀಕ್ಷೆ ಇನ್ನೊಮ್ಮೆ.

ಬಣ್ಣದ ವಿಷಯ ಚುಟುಕಾಗಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಬಿಸಿಲು 5600 ಕೆಲ್ವಿನ್ ಹತ್ತಿರ, ಮನೆಯ ಬಿಳಿ ಎಲ್‌ಇಡಿ ಸಾಮಾನ್ಯವಾಗಿ 6500, ಹಳದಿ ಬಲ್ಬು 2700. ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಅಂತ ಎಣಿಸಬೇಕು ಅನ್ನುವ ಸೆಟ್ಟಿಂಗು, ಆಟೋದಲ್ಲಿ ಬಿಟ್ಟರೆ ಅಜ್ಜಿ ಕಿಟಕಿಯಿಂದ ಒಲೆಯ ಕಡೆಗೆ ನಡೆಯುವಷ್ಟರಲ್ಲಿ ಗೋಡೆಯ ಬಣ್ಣವೇ ಬದಲಾಗುತ್ತದೆ, ಎಡಿಟಿಂಗಿನಲ್ಲಿ ಸರಿಮಾಡುವುದು ನರಕ. ಸೀನಿಗೊಂದು ಸಂಖ್ಯೆ ಇಟ್ಟು ಲಾಕ್ ಮಾಡು. ಮುಖಕ್ಕೆ ಬೀಳುವ ಬಲ್ಬನ್ನು ಮಾತ್ರ ಹೊಸದಾಗಿ ಕೊಳ್ಳು, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 95ಕ್ಕಿಂತ ಮೇಲೆ ಅಂತ ಇರಬೇಕು. 80ರದ್ದು ಕೆಂಪನ್ನು ನುಂಗುತ್ತದೆ, ಮುಖ ಕಾಯಿಲೆಯವರದ್ದಾಗುತ್ತದೆ.

ಅಂಗಳದ ಸೀನುಗಳಿಗೆ ಫೋನನ್ನೇ ಇಟ್ಟುಕೊಳ್ಳುತ್ತೇನೆ ಅಂದಿದ್ದೀ. ಸರಿ, ಆದರೆ ಲೆಕ್ಕ ನೋಡು. ಕಡು ಬಿಸಿಲಿಗೆ ಐಎಸ್‌ಓ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 50, ಶಟರ್ 1/50 ಇದ್ದರೆ ಬೇಕಾದ ಅಪರ್ಚರ್, ಅಂದರೆ ಲೆನ್ಸಿನ ತೂತು, ಎಫ್ 16; ಸಂಖ್ಯೆ ಹೆಚ್ಚಿದಷ್ಟೂ ತೂತು ಚಿಕ್ಕದು. ಫೋನಿನದು ಎಫ್ 1.8ರ ಆಸುಪಾಸಿನಲ್ಲಿ ಕೂತಿದೆ, ಕದಲುವುದಿಲ್ಲ. ಎರಡಕ್ಕೂ ನಡುವೆ ಆರು ಸ್ಟಾಪಿಗಿಂತ ಸ್ವಲ್ಪ ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಫಿಲ್ಟರ್ ಇಲ್ಲದಿದ್ದರೆ ಫೋನು ಶಟರನ್ನು 1/4000ದ ಹತ್ತಿರಕ್ಕೆ ಓಡಿಸಿ ಪಾರಾಗುತ್ತದೆ. ಅಡಿಕೆ ಸುಲಿಯುವ ಕೈ ತಡೆತಡೆದು ಕುಪ್ಪಳಿಸಿದ ಹಾಗೆ ಕಾಣುತ್ತದೆ. ಬೆಳಕನ್ನಷ್ಟೇ ತಗ್ಗಿಸುವ 64ರ ಎನ್‌ಡಿ ಫಿಲ್ಟರ್ ಹಾಕು, ಆರು ಸ್ಟಾಪ್ ಇಳಿಯುತ್ತದೆ.

ಮನೆಯೊಳಗೆ ಲೈಟು ಸಾಲದು ಅಂತ ಬರೆದಿದ್ದೀ. ಸಾಲುತ್ತದೆ, ತಿರುಗಿಸಿಕೊಳ್ಳಬೇಕು ಅಷ್ಟೆ. ಸತ್ಯಜಿತ್ ರಾಯ್ ಅವರ 1956ರ ಸಿನಿಮಾ ‘ಅಪರಾಜಿತೋ’ದಲ್ಲಿ ಕಾಶಿಯ ಮನೆಯ ಅಂಗಳ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲ್ಗಡೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದಕ್ಕೆ ಹೊಡೆದು, ಅಲ್ಲಿಂದ ಇಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ಆಕಾಶದ ಬೆಳಕಿಗೆ ನೆರಳಿನ ಅಂಚು ಇರುವುದಿಲ್ಲ, ಅದನ್ನೇ ಅವರು ಬಟ್ಟೆಯಿಂದ ಪಡೆದದ್ದು. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದರು: ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ ಬೆಳಕಿನ ಕೋಲನ್ನು ಇಳಿಬಿಟ್ಟರು. ನಿನ್ನ ದೇವರಮನೆ ಸೀನಿಗೆ ಎರಡನೆಯದೇ ಬೇಕು. ಅಲ್ಮೆರಾದ ಕನ್ನಡಿ ಒಂದು ಸಾಕು. ಕೋಲು ಕಾಣಬೇಕಾದರೆ ಗಾಳಿಯಲ್ಲಿ ಕಣ ಇರಬೇಕು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಹೊಗೆ ಹರಡಿ ಸಮನಾಗುವವರೆಗೆ ಕಾಯಿ. ಸುರುಳಿ ಕಾಣುವಾಗ ರೋಲ್ ಮಾಡಿದರೆ ಒಂದು ಟೇಕಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ಎಲ್ಲರೂ ಮರೆಯುವ ಸಂಗತಿ ಒಂದಿದೆ: ಸೂರ್ಯ ನಿಲ್ಲುವುದಿಲ್ಲ. ಗಂಟೆಗೆ ಸುಮಾರು 15 ಡಿಗ್ರಿ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಕನ್ನಡಿಯಿಂದ ಪೀಠ ಐದು ಮೀಟರ್ ದೂರ ಇದ್ದರೆ ನಾಲ್ಕು ನಿಮಿಷದಲ್ಲಿ ಬೆಳಕು 8–9 ಸೆಂಟಿಮೀಟರ್ ಸರಿದಿರುತ್ತದೆ. ಕನ್ನಡಿಯ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸು, ಗೋಡೆಯ ಮೇಲೆ ಚಾಕ್‌ಪೀಸಿನ ಗುರುತು ಹಾಕು, ಪ್ರತಿ ಟೇಕಿಗೆ ಮುಂಚೆ ಗುರುತಿಗೆ ತಂದು ನಿಲ್ಲಿಸಲಿ.

ಇನ್ನು ಶಬ್ದ. ಸಿನಿಮಾ ಗೀಳಿನವರು ಸೋಲುವುದು ಇಲ್ಲೇ. ಚಿತ್ರ ಮಂಕಾಗಿದ್ದರೆ ಜನ ಅದನ್ನು ಶೈಲಿ ಅಂದುಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೈಕು ಬಾಯಿಯಿಂದ 45–60 ಸೆಂಟಿಮೀಟರಿನಲ್ಲಿರಲಿ, ತಲೆಯ ಮೇಲಿನಿಂದ ಎದೆಯತ್ತ ಮುಖ ಮಾಡಿ. ದೂರ ಇಮ್ಮಡಿಯಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಮಾರ್ದನಿ ಇಳಿಯುವುದಿಲ್ಲ. ಆಮೇಲೆ ವಾಲ್ಯೂಮ್ ಏರಿಸಿದರೆ ಮಾರ್ದನಿಯೂ ಜತೆಗೆ ಏರುತ್ತದೆ, ಅದಕ್ಕೆ ಮದ್ದಿಲ್ಲ. ಮಾಮೂಲಿ ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಆಡುತ್ತಿರಲಿ, ರೆಕಾರ್ಡಿಂಗ್ ಸೆಟ್ಟಿಂಗು 48 ಕಿಲೋಹರ್ಟ್ಸ್, 24 ಬಿಟ್.

ಆ ಮನೆಯ ನಡುಮನೆ ರೆಡ್ ಆಕ್ಸೈಡ್ ನೆಲದ್ದು, ದನಿ ಜಾರಿ ಪುಟಿಯುತ್ತದೆ. ಕ್ಯಾಮೆರಾಗೆ ಕಾಣದ ಕಡೆಯೆಲ್ಲ ಜಮಖಾನ ಹಾಸು, ಕಂಬಳಿ ತೂಗುಹಾಕು. ಕಂಬಳಿ ಗೋಡೆಗೆ ತಾಗಿರಬಾರದು, ಒಂದು ಗೇಣು ಈಚೆ ಇರಬೇಕು. ಗೋಡೆಗೆ ತಾಗಿದಲ್ಲಿ ಗಾಳಿಯ ಕಣ ಅಲುಗುವುದಿಲ್ಲ, ಅಲುಗುವ ಗಾಳಿಯನ್ನಷ್ಟೇ ಬಟ್ಟೆ ಹೀರುವುದು. ಫ್ರಿಜ್ಜು ಆರಿಸು, ಆರಿಸಿದವನು ತನ್ನ ಬೈಕಿನ ಕೀ ಅದರೊಳಗೇ ಇಡಲಿ, ಆಗ ಮತ್ತೆ ಹಾಕದೆ ಮನೆಗೆ ಹೋಗಲಾರ. ಪಂಪ್‌ಸೆಟ್ಟು ಯಾವ ಹೊತ್ತಿಗೆ ಓಡುತ್ತದೆ ಅಂತ ಪಕ್ಕದ ತೋಟದವರನ್ನು ಮೊದಲೇ ಕೇಳಿಕೊ.

ಜೀರುಂಡೆಯನ್ನು ಆರಿಸಲಾಗುವುದಿಲ್ಲ. ಅದು ಸಂಜೆ ಸೀನಿನ ಉದ್ದಕ್ಕೂ ಒಂದೇ ಸಮನೆ ಕೇಳುತ್ತಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ನೀನು ಎರಡು ಟೇಕನ್ನು ಕತ್ತರಿಸಿ ಜೋಡಿಸಿದ ಕಡೆ ಅದರ ಶ್ರುತಿ ಟಕ್ಕನೆ ಹಾರುತ್ತದೆ, ಆಗ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಅದಕ್ಕೆ ಪ್ರತಿ ಸೀನು ಮುಗಿದ ಕೂಡಲೇ ಅದೇ ಮೈಕು, ಅದೇ ಜಾಗ, ಅದೇ ಲೆವೆಲ್ಲಿನಲ್ಲಿ ಒಂದು ನಿಮಿಷ ಬರೀ ಪರಿಸರದ ಶಬ್ದ ರೆಕಾರ್ಡ್ ಮಾಡು. ಜನ ನಿಂತಲ್ಲೇ ನಿಂತಿರಬೇಕು, ಹೊರಗೆ ಕಳಿಸಿದರೆ ಕೋಣೆಯ ದನಿಯೇ ಬೇರೆಯಾಗುತ್ತದೆ. ಜೋಡಣೆಯ ಕೆಳಗೆ ಅದನ್ನು ಹಾಸಿದರೆ ಬಿರುಕು ಮುಚ್ಚುತ್ತದೆ.

ಸಿಂಕ್, ಅಂದರೆ ತುಟಿಗೂ ಮಾತಿಗೂ ಹೊಂದಾಣಿಕೆ, ತಪ್ಪಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಶುರುವಿನಿಂದಲೇ ತಪ್ಪಿದೆಯಾ, ಬರುಬರುತ್ತಾ ಜಾರುತ್ತಿದೆಯಾ? ಜಾರುತ್ತಿದ್ದರೆ ಅದು ಹೆಚ್ಚಾಗಿ ಫ್ರೇಮ್ ರೇಟಿನ ದೋಷ. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮಿನ ವೇಗವನ್ನು ಸದ್ದಿಲ್ಲದೆ ಬದಲಿಸುತ್ತವೆ. ವೇಗ ಲಾಕ್ ಮಾಡುವ ಆ್ಯಪಿನಲ್ಲಿ ತೆಗೆ, ಇಲ್ಲವೇ ಎಡಿಟಿಂಗಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ (ಬದಲಾಗದ) ಫ್ರೇಮ್ ರೇಟಿಗೆ ಪರಿವರ್ತಿಸು. ಶುರುವಿನಿಂದಲೇ ಒಂದೇ ಅಳತೆಯಲ್ಲಿ ತಪ್ಪಿದ್ದರೆ ದೂರವನ್ನು ಅನುಮಾನಿಸು. ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ, ಒಂದು ಫ್ರೇಮಿನಲ್ಲಿ 14 ಮೀಟರ್. ಗದ್ದೆಯ ಆಚೆ 60 ಮೀಟರ್ ದೂರದಲ್ಲಿ ಕ್ಲಾಪ್ ಹೊಡೆದರೆ ಕ್ಯಾಮೆರಾದ ಮೈಕಿಗೆ ಅದು ನಾಲ್ಕು ಫ್ರೇಮ್ ತಡವಾಗಿ ಮುಟ್ಟುತ್ತದೆ. ಸಾಫ್ಟ್‌ವೇರು ಎರಡು ಟ್ರ್ಯಾಕನ್ನು ತಾನೇ ಹೊಂದಿಸಲು ಹೋಗಿ ಮಾತನಾಡುವವರ ಹತ್ತಿರ ಇಟ್ಟ ರೆಕಾರ್ಡರಿನ ಒಳ್ಳೆಯ ಧ್ವನಿಯನ್ನೂ ನಾಲ್ಕು ಫ್ರೇಮ್ ತಡಮಾಡಿಬಿಡುತ್ತದೆ. ಅಂಥ ಶಾಟಿನಲ್ಲಿ ಕ್ಲಾಪ್ ಬೋರ್ಡು ಮುಚ್ಚಿದ ಫ್ರೇಮನ್ನು ಕಣ್ಣಿನಿಂದ ನೋಡಿ ಕೈಯಿಂದಲೇ ಹೊಂದಿಸು.

ಇದೇ ಲೆಕ್ಕ ನಿನ್ನ ಮಳೆ ಸೀನಿಗೂ ಬರುತ್ತದೆ. ದೊಡ್ಡ ಸಿನಿಮಾಗಳಲ್ಲಿ ಮಿಂಚೂ ಗುಡುಗೂ ಒಟ್ಟಿಗೆ ಬರುತ್ತವೆ ಅಂತ ನೀನು ಗೇಲಿ ಮಾಡುತ್ತೀಯಲ್ಲ, ಅವರಿಗೆ ವಿಜ್ಞಾನ ಗೊತ್ತಿಲ್ಲದೆ ಅಲ್ಲ. ಒಟ್ಟಿಗೆ ಬಂದರೆ ಸಿಡಿಲು ತಲೆಯ ಮೇಲೆ ಬಿದ್ದ ಹಾಗೆ ಬೆಚ್ಚುತ್ತೇವೆ. ಮೂರು ಸೆಕೆಂಡು ತಡವಾದರೆ ಒಂದು ಕಿಲೋಮೀಟರ್ ಆಚೆಯದು. ನಿನ್ನ ಅಜ್ಜಿ ಕಾಯುತ್ತಾ ಕೂತಿರುವ ಸೀನಿಗೆ ಆರು ಸೆಕೆಂಡಿನ ಅಂತರ ಇಟ್ಟು, ಮುಂದಿನ ಮಿಂಚಿಗೆ ಮೂರು ಮಾಡಿ ನೋಡು. ಮಳೆ ಹತ್ತಿರ ಬರುತ್ತಿದೆ ಅಂತ ಯಾರೂ ಹೇಳಬೇಕಾಗುವುದಿಲ್ಲ.

ಮೆಮೊರಿ ಕಾರ್ಡಿನ ಲೆಕ್ಕ: 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ನಿಮಿಷಕ್ಕೆ 750 ಎಂಬಿ. ಸಿನಿಮಾದ ಒಂದು ನಿಮಿಷಕ್ಕೆ ಎಂಟು ನಿಮಿಷದಂತೆ ತೆಗೆದರೆ 160 ನಿಮಿಷ, 120 ಜಿಬಿ. ಪ್ರತಿ ರಾತ್ರಿ ಎರಡು ಬೇರೆ ಡಿಸ್ಕಿಗೆ ಕಾಪಿ, ಎರಡೂ ಒಂದೇ ಬ್ಯಾಗಿನಲ್ಲಿ ಬೇಡ. ಎರಡರಲ್ಲೂ ಫೈಲು ತೆರೆದು ಓಡಿಸಿ ನೋಡಿದ ಮೇಲೇ ಕಾರ್ಡ್ ಫಾರ್ಮ್ಯಾಟ್.

ಕೊನೆಯದಾಗಿ ಹನ್ನೊಂದನೇ ಸೀನು. ಅಜ್ಜಿ ಹಳೆಯ ಚಿತ್ರಗೀತೆ ಗುನುಗುತ್ತಾಳೆ, ರೇಡಿಯೋದಲ್ಲೂ ಅದೇ ಹಾಡು. ಚೆನ್ನಾಗಿದೆ, ಆದರೆ ಅಲ್ಲಿ ಎರಡು ಹಕ್ಕುಗಳಿವೆ. ಸಾಹಿತ್ಯ, ಸಂಗೀತಕ್ಕೆ ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಪ್ರಕಟವಾದಲ್ಲಿಂದ 60 ವರ್ಷ. ಗುನುಗಿದರೂ ಮೊದಲನೆಯದಕ್ಕೆ ಅನುಮತಿ ಬೇಕು. ಫೆಸ್ಟಿವಲಿನವರು ಈ ಕಾಗದ ಕೇಳುತ್ತಾರೆ, ಆಗ ಆ ಸೀನಿನ ಮಾತು ಹಾಡಿನ ಜತೆ ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದರೆ ಹಾಡನ್ನಷ್ಟೇ ತೆಗೆಯಲಾಗದು. ಪುರಂದರದಾಸರ ಪದ ಹಾಕಿಕೊ, ಸಾಹಿತ್ಯಕ್ಕೆ ಹಕ್ಕಿನ ಗೊಡವೆಯಿಲ್ಲ. ಆದರೆ ಹೆಸರಾಂತ ಗಾಯಕರ ಕ್ಯಾಸೆಟ್ಟಿನಿಂದ ಎತ್ತಬೇಡ, ಅವರು ಹಾಕಿದ ರಾಗ ಸಂಯೋಜನೆಯನ್ನೂ ನಕಲು ಮಾಡಬೇಡ. ನಿಮ್ಮತ್ತೆಯಿಂದ ಹಾಡಿಸಿ ರೆಕಾರ್ಡ್ ಮಾಡಿಕೊ, ಅವಳಿಂದ ಒಂದು ಒಪ್ಪಿಗೆ ಪತ್ರವನ್ನೂ ಬರೆಸಿಕೊ. ರೇಡಿಯೋ ಹಾಡನ್ನು ಶೂಟಿಂಗ್ ಹೊತ್ತಿನಲ್ಲಿ ಹಾಕಲೇಬೇಡ, ಎಡಿಟಿಂಗಿನಲ್ಲಿ ಸೇರಿಸು.

ಬಲ್ಬುಗಳ ಪರೀಕ್ಷೆ ಮಾಡಿದ ಕ್ಲಿಪ್ಪುಗಳನ್ನು ನನಗೆ ಕಳಿಸು. ಯಾವುದನ್ನು ಬದಲಾಯಿಸಬೇಕು ಅಂತ ನೋಡಿ ಹೇಳುತ್ತೇನೆ, ಪೇಟೆಯಿಂದ ತರಿಸುವುದಕ್ಕೆ ಎರಡು ದಿನವಾದರೂ ಬೇಕಲ್ಲ.

ಇಂತಿ ನಿನ್ನ
ಚಿಕ್ಕಪ್ಪ